ಕಟ್ಟಿಗೆ ಭಟ್ಟಿ ಕಟ್ಟಿಸಲು ಕೈ ಪಳಗಿದ ಮೇಸ್ತ್ರಿಯನ್ನು ಹುಡುಕುವುದು ಹೇಗೆ?

"ದಾವಣಗೆರೆ ಕಡೆ ಕಟ್ಟಿಗೆ ಓವನ್ ಕಟ್ಟುವ ಗೌಂಡಿ ಯಾರಾದರೂ ಇದ್ದಾರಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸಣ್ಣ ಬೇಕರಿ ತೆರೆಯುವವರು ಕೇಳುತ್ತಾರೆ, ಹೆದ್ದಾರಿ ಬದಿಯ ಹೋಟೆಲಿನವರು ಕೇಳುತ್ತಾರೆ, ತೋಟದ ಮನೆಯ ಹಿತ್ತಲಲ್ಲಿ ಬ್ರೆಡ್ಡು, ಪಿಜ್ಜಾ ಸುಡಬೇಕೆಂಬ ಆಸೆಯವರೂ ಕೇಳುತ್ತಾರೆ. ಇದ್ದಾರೆ. ಆದರೆ "ಓವನ್ ಕಟ್ಟುವವರು" ಎಂದು ಬೋರ್ಡು ಹಾಕಿಕೊಂಡು ಕೂತಿರುವುದಿಲ್ಲ. ಯಾವ ಕೆಲಸದವರ ಕೈಯಲ್ಲಿ ಈ ವಿದ್ಯೆ ಇದೆ, ಅವರನ್ನು ಹೇಗೆ ಪರೀಕ್ಷಿಸಬೇಕು, ಎಲ್ಲಿ ಅವರ ಪಕ್ಕ ನಿಂತು ನೋಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳಿದೆ.

ಮುಖ್ಯವಾದ ಮಾತೊಂದನ್ನು ಮೊದಲೇ ಹೇಳಿಬಿಡಬೇಕು. ಭಟ್ಟಿ ಕಟ್ಟಿ ಅನುಭವವಿರುವ ಮೇಸ್ತ್ರಿ ಸಿಗದಿದ್ದರೆ ಕಮಾನು ಕಟ್ಟಬಲ್ಲ ಮೇಸ್ತ್ರಿಯನ್ನು ಹಿಡಿಯಿರಿ. ಬೆಂಕಿಯ ಲೆಕ್ಕವನ್ನು ನೀವು ಓದಿ ಕಲಿತು ಅವರಿಗೆ ಹೇಳಬಹುದು. ಕಮಾನಿನ ಕೈ ಮಾತ್ರ ಹೇಳಿಕೊಟ್ಟು ಬರುವಂಥದ್ದಲ್ಲ.

1. ಏನು ಕಟ್ಟಿಸಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯಿರಿ

ಮೇಸ್ತ್ರಿಯ ಹತ್ತಿರ ಹೋಗಿ "ಒಲೆ ಕಟ್ಟಬೇಕು" ಎಂದರೆ ಅವರು ಪಾತ್ರೆ ಇಡುವ ಒಲೆ ಎಂದುಕೊಳ್ಳುತ್ತಾರೆ. ಬೆಣ್ಣೆದೋಸೆ ಹೋಟೆಲಿನ ಕಾವಲಿ ಒಲೆಯಲ್ಲಿ ಬೆಂಕಿ ಕೆಳಗೆ, ಅಡುಗೆ ಮೇಲೆ. ಓವನ್‌ನಲ್ಲಿ ಬೆಂಕಿಯೂ ಅಡುಗೆಯೂ ಒಂದೇ ನೆಲದ ಮೇಲೆ, ಒಂದೇ ಗುಮ್ಮಟದ ಒಳಗೆ. ಎರಡರ ಲೆಕ್ಕವೇ ಬೇರೆ. "ಪಿಜ್ಜಾ ಓವನ್" ಎಂದರೆ ಕೆಲವರಿಗೆ ಸ್ಟೀಲ್ ಪೆಟ್ಟಿಗೆ ಕಣ್ಣ ಮುಂದೆ ಬರುತ್ತದೆ. ಅದಕ್ಕೇ "ಬೇಕರಿ ಭಟ್ಟಿ, ಒಳಗೆ ಕಟ್ಟಿಗೆ ಉರಿಸುವಂಥದ್ದು" ಎನ್ನಿ. ಈ ಮಾತು ಎಲ್ಲರಿಗೂ ತಿಳಿಯುತ್ತದೆ.

ಆಕಾರ ಎರಡು ಬಗೆ. ಗುಮ್ಮಟದ ಭಟ್ಟಿ ಬೇಗ ಕಾಯುತ್ತದೆ. ಮನೆಗೆ, ಪಿಜ್ಜಾಕ್ಕೆ, ಸಣ್ಣ ಹೋಟೆಲಿಗೆ ಇದು ಸರಿ. ಉದ್ದ ಕಮಾನಿನ ಭಟ್ಟಿ, ಅಂದರೆ ಅರ್ಧ ಪೈಪನ್ನು ಕವುಚಿ ಹಾಕಿದ ಹಾಗಿರುವುದು, ತಟ್ಟೆಗಳನ್ನು ಸಾಲಾಗಿ ಜೋಡಿಸುವ ಬೇಕರಿಗೆ ಅನುಕೂಲ, ಕಟ್ಟುವುದೂ ಸುಲಭ. ಗುಮ್ಮಟ ಕಟ್ಟಬಲ್ಲವರು ಸಿಗದೇ ಹೋದರೆ ಮನೆಗೂ ಕಮಾನಿನ ಭಟ್ಟಿಯನ್ನೇ ಕಟ್ಟಿಸಿ. ಕಟ್ಟಿಗೆ ಸ್ವಲ್ಪ ಹೆಚ್ಚು ಹೋಗುತ್ತದೆ, ಅಷ್ಟೇ.

ಮನೆಯ ಗುಮ್ಮಟದ ಭಟ್ಟಿಗೆ ಒಳ ಅಳತೆ 36 ಅಂಗುಲ ಅಡ್ಡಗಲ ಸಾಕು. ಅರ್ಧಗೋಲವಾದರೆ ನಡುವಿನ ಎತ್ತರ 18 ಅಂಗುಲ. ಬಾಯಿಯ ಎತ್ತರ ಒಳಗಿನ ಎತ್ತರದ ಶೇ. 63ರ ಆಸುಪಾಸಿನಲ್ಲಿರಬೇಕು, ಇಲ್ಲಿ 11 ಅಂಗುಲದಷ್ಟು. ಬಾಯಿ ಇದಕ್ಕಿಂತ ಎತ್ತರವಾದರೆ ಕಾವು ಹೊರಗೆ ಸುರಿದು ಹೋಗುತ್ತದೆ, ಗಿಡ್ಡವಾದರೆ ಒಳಗೆ ಗಾಳಿ ಸಾಲದೆ ಹೊಗೆ ಕಟ್ಟುತ್ತದೆ. ಬಾಯಿಯ ಅಗಲ 18 ಅಂಗುಲ. ಭಟ್ಟಿಯ ನೆಲ ನಿಮ್ಮ ಮೊಣಕೈ ಎತ್ತರಕ್ಕೆ, ಅಂದರೆ ನೆಲದಿಂದ 40–42 ಅಂಗುಲಕ್ಕೆ ಬರಲಿ. ಈ ಐದು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳದೆ ಮೇಸ್ತ್ರಿ ಹುಡುಕಲು ಹೊರಡಬೇಡಿ. "ದೊಡ್ಡದೇ ಇರ್ಲಿ ಬಿಡ್ರಿ" ಎಂಬ ಮಾತಿಗೆ ಒಪ್ಪಲೂಬೇಡಿ. ಭಟ್ಟಿ ದೊಡ್ಡದಾದಷ್ಟೂ ಪ್ರತಿ ಸಲ ಕಾಯಿಸಲು ಕಟ್ಟಿಗೆ, ಹೊತ್ತು ಎರಡೂ ಹೆಚ್ಚು.

2. ಯಾರ ಬಳಿ ಕೇಳಬೇಕು

ಬೇಕರಿ ಭಟ್ಟಿ ಕಟ್ಟುವವರು: ಮೊದಲ ಆಯ್ಕೆ ಇವರೇ. ಇವರು ಊರೂರು ತಿರುಗಿ ಹೊಸ ಭಟ್ಟಿ ಕಟ್ಟುತ್ತಾರೆ, ಹಳೆಯದರ ನೆಲ ಬದಲಿಸುತ್ತಾರೆ. ಕಟ್ಟಿಗೆ ಭಟ್ಟಿ ಇನ್ನೂ ಉರಿಯುತ್ತಿರುವ ಹಳೆಯ ಬೇಕರಿಗೆ ಮಧ್ಯಾಹ್ನ ಕೆಲಸದ ಗಲಾಟೆ ಇಳಿದ ಮೇಲೆ ಹೋಗಿ. "ಈ ಭಟ್ಟಿ ಯಾರು ಕಟ್ಟಿದ್ದು?" ಎಂದಷ್ಟೇ ಕೇಳಿದರೆ ಸಾಲದು. "ನೆಲದ ಇಟ್ಟಿಗೆ ಕೊನೆಯ ಸಲ ಯಾವಾಗ ಬದಲಾಯಿಸಿದ್ರಿ, ಯಾರು ಬಂದು ಮಾಡಿದ್ರು?" ಎಂದು ಕೇಳಿ. ಕಟ್ಟಿದವರು ಈಗ ಕೆಲಸ ಬಿಟ್ಟಿರಬಹುದು. ರಿಪೇರಿಗೆ ಬರುವವರು ಈಗಲೂ ಕೆಲಸದಲ್ಲಿದ್ದಾರೆ, ಅವರ ನಂಬರೂ ಬೇಕರಿಯವರ ಫೋನಿನಲ್ಲಿರುತ್ತದೆ.

ಬಾಯ್ಲರ್, ಕುಲುಮೆಗಳ ಒಳಮೈಗೆ ಬೆಂಕಿ ಇಟ್ಟಿಗೆ (ಹೆಚ್ಚು ಕಾವು ತಾಳುವ ಇಟ್ಟಿಗೆ) ಕೂರಿಸುವವರು: ಹರಿಹರ, ದಾವಣಗೆರೆ ಸುತ್ತಿನ ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗಳಿಗೆ ಈ ಕೆಲಸದವರು ಬರುತ್ತಾರೆ. ಸಂದು ತೆಳ್ಳಗೆ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ದಿನಗೂಲಿ ಹೆಚ್ಚು ಕೇಳುತ್ತಾರೆ. ಗುಮ್ಮಟ ಕಟ್ಟುವ ನಾಲ್ಕೈದು ದಿನಕ್ಕಷ್ಟೇ ಇವರನ್ನು ಕರೆದು, ಕಟ್ಟೆಯ ಕೆಲಸವನ್ನು ಸ್ಥಳೀಯ ಗೌಂಡಿಗೆ ಕೊಟ್ಟರೆ ಖರ್ಚು ಹಿಡಿತದಲ್ಲಿರುತ್ತದೆ.

ಮಂಡಕ್ಕಿ ಭಟ್ಟಿ ಕಟ್ಟುವವರು: ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಬಡಾವಣೆಯೇ ಇದೆ. ಅಲ್ಲಿನ ಕೆಲಸಗಾರರಿಗೆ ಬೆಂಕಿಯ ಸೆಳೆತ, ಹೊಗೆಯ ದಾರಿ, ಮಣ್ಣು ಬಿರಿಯುವ ರೀತಿ ಎಲ್ಲ ಚೆನ್ನಾಗಿ ಗೊತ್ತು. ಆದರೆ ಆ ಭಟ್ಟಿ ಬಾಣಲೆಯ ಕೆಳಗೆ ಉರಿಯುವಂಥದ್ದು, ಅದರ ಮೇಲೆ ಗುಮ್ಮಟ ಇಲ್ಲ. ಇವರಲ್ಲಿ ಕಮಾನು ಕಟ್ಟಿದವರು ಯಾರು ಎಂದು ಬಿಡಿಸಿ ಕೇಳಬೇಕು.

ಕಲ್ಲು ಕೆಲಸದವರು: ಚಿತ್ರದುರ್ಗದ ಕಡೆ ಒಳ್ಳೆಯ ಕೈಯವರಿದ್ದಾರೆ. ಏಳು ಸುತ್ತಿನ ಕೋಟೆಯ ಗೋಡೆಯಲ್ಲಿ ಕಲ್ಲಿಗೆ ಕಲ್ಲು ಹೇಗೆ ಕಚ್ಚಿ ಕೂತಿದೆ ನೋಡಿ, ಭಟ್ಟಿಯ ಇಟ್ಟಿಗೆಯೂ ಹಾಗೇ ಕೂರಬೇಕು. ಆ ಕೈ ಬೇಕು, ಕಲ್ಲು ಮಾತ್ರ ಬೇಡ. ಯಾಕೆ ಎಂಬುದನ್ನು ಮುಂದೆ ಹೇಳಿದೆ.

ಮನೆ ಕಟ್ಟುವ ಗೌಂಡಿಗಳು: ಬೆಳಿಗ್ಗೆ ಸರ್ಕಲ್‌ನಲ್ಲಿ ಕೆಲಸಕ್ಕೆ ಕಾಯುವವರಲ್ಲಿ ಹೆಚ್ಚಿನವರು ಇವರೇ. ಗೋಡೆ, ಪ್ಲಾಸ್ಟರ್ ಚೆನ್ನಾಗಿ ಮಾಡುತ್ತಾರೆ. ಆದರೆ ಈಗ ಬಾಗಿಲಿನ ಮೇಲೆ ಕಾಂಕ್ರೀಟ್ ಲಿಂಟಲ್ ಹಾಕುವುದೇ ರೂಢಿ, ಇಟ್ಟಿಗೆಯ ಕಮಾನನ್ನು ಒಮ್ಮೆಯೂ ಕಟ್ಟದವರು ಬಹಳ. ಇವರಲ್ಲಿ ಹುಡುಕುವುದಾದರೆ ಐವತ್ತು ದಾಟಿದ ಹಿರಿಯ ಮೇಸ್ತ್ರಿಗಳನ್ನು ಮೊದಲು ವಿಚಾರಿಸಿ. ಹಳೆಯ ಮನೆಗಳ ಕಮಾನು, ದೇವಸ್ಥಾನದ ಕೆಲಸ ಮಾಡಿದವರು ಅವರಲ್ಲೇ ಸಿಗುತ್ತಾರೆ.

ಕೇಳುವ ಕಾಲವೂ ಮುಖ್ಯ. ಭಟ್ಟಿ ಕಟ್ಟಲು ಈ ಸೀಮೆಯಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಒಳ್ಳೆಯವು. ಏಪ್ರಿಲ್, ಮೇ ಬಿಸಿಲಿಗೆ ಗಾರೆ ಬೇಕಾದ್ದಕ್ಕಿಂತ ಬೇಗ ಒಣಗುತ್ತದೆ. ಯುಗಾದಿಗೆ ಕೆಲಸದವರು ಊರಿಗೆ ಹೋದರೆ ಒಂದು ವಾರ ಸಿಗುವುದಿಲ್ಲ, ಅಮಾವಾಸ್ಯೆಯ ದಿನ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಗುಮ್ಮಟ ಅರ್ಧಕ್ಕೆ ನಿಲ್ಲದ ಹಾಗೆ ದಿನ ನೋಡಿ ಶುರು ಮಾಡಿ.

3. ಫೋನಿನಲ್ಲೇ ಕೇಳಬೇಕಾದ ಐದು ಪ್ರಶ್ನೆ

ನೇರವಾಗಿ "ನಿಮಗೆ ಭಟ್ಟಿ ಬರುತ್ತಾ?" ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಇವನ್ನು ಕೇಳಿ.

"ಮೇಸ್ತ್ರಿ, ನೆಲದ ಇಟ್ಟಿಗೆಗೆ ಗಾರೆ ಹಾಕ್ತೀರಾ?" ಬಲ್ಲವರು ಇಲ್ಲ ಎನ್ನುತ್ತಾರೆ. ಭಟ್ಟಿಯ ನೆಲದ ಇಟ್ಟಿಗೆಗಳನ್ನು ಜರಡಿ ಹಿಡಿದ ಮರಳು ಮತ್ತು ಬೆಂಕಿ ಮಣ್ಣಿನ (ಫೈರ್ ಕ್ಲೇ) ತೆಳು ಹಾಸಿನ ಮೇಲೆ ಒಣದಾಗಿ ಜೋಡಿಸಬೇಕು. ಕಾದಾಗ ಹಿಗ್ಗಲು ಅವಕ್ಕೆ ಜಾಗ ಬೇಕು. ಜೊತೆಗೆ ನಾಲ್ಕು ವರ್ಷ ಬಿಟ್ಟು ಒಂದು ಇಟ್ಟಿಗೆ ಒಡೆದರೆ ಅದೊಂದನ್ನೇ ಕಿತ್ತು ಬದಲಿಸಬಹುದು.

"ಹೊಗೆ ಎಲ್ಲಿಂದ ಬಿಡ್ತೀರಿ?" ಗುಮ್ಮಟದ ನೆತ್ತಿಯಲ್ಲಿ ತೂತು ಬಿಡುತ್ತೇನೆ ಎಂದರೆ ಅವರಿಗೆ ಓವನ್ ಗೊತ್ತಿಲ್ಲ. ನೆತ್ತಿಯಲ್ಲಿ ತೂತಿದ್ದರೆ ಕಾವೆಲ್ಲ ಅಲ್ಲಿಂದಲೇ ಹೋಗುತ್ತದೆ. ತಣ್ಣನೆ ಗಾಳಿ ಬಾಯಿಯ ಕೆಳಗಿನಿಂದ ಒಳಗೆ ಹೋಗಿ, ಬಿಸಿ ಹೊಗೆ ಗುಮ್ಮಟವನ್ನು ಸುತ್ತಿ ಬಾಯಿಯ ಮೇಲ್ಭಾಗದಿಂದಲೇ ಹೊರಬರಬೇಕು. ಚಿಮಣಿ ಇರಬೇಕಾದ್ದು ಬಾಯಿಯ ಹೊರಗೆ, ಮುಂದಿನ ಕಮಾನಿನ ಮೇಲೆ.

"ಒಳಗೆ ಗ್ರಾನೈಟ್ ಹಾಸಬಹುದಾ?" ಬೇಡ ಎನ್ನಬೇಕು. ಗ್ರಾನೈಟ್‌ನಲ್ಲಿರುವ ಸ್ಫಟಿಕದ ಕಣಗಳು ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಹಿಗ್ಗುತ್ತವೆ. ಬೆಂಕಿಯ ಕೆಳಗಿನ ಕಲ್ಲು ಆ ಕಾವು ಮುಟ್ಟಬಲ್ಲದು. ಅದಕ್ಕೂ ಮೊದಲೇ, ಒಂದು ಕಡೆ ಬಿಸಿ ಇನ್ನೊಂದು ಕಡೆ ತಂಪು ಇರುವುದರಿಂದ ಚಕ್ಕೆ ಎದ್ದು ಸಿಡಿಯುತ್ತದೆ. ಈ ಸೀಮೆಯಲ್ಲಿ ಕಲ್ಲು ಕೈಗೆಟಕುವಂತೆ ಸಿಗುವುದರಿಂದ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ಕೆಳಗಿನ ಕಟ್ಟೆಗೆ, ಮುಂದಿನ ಚಪ್ಪಡಿಗೆ ಗ್ರಾನೈಟ್ ಧಾರಾಳವಾಗಿ ಬಳಸಿ. ಬೆಂಕಿ ಕಾಣುವ ಜಾಗಕ್ಕೆ ಬೇಡ.

"ಗಾರೆಗೆ ಸಿಮೆಂಟ್ ಎಷ್ಟು ಹಾಕ್ತೀರಿ?" "ಒಂದಕ್ಕೆ ಆರು, ಗಟ್ಟಿ ಬೇಕಂದ್ರೆ ಒಂದಕ್ಕೆ ನಾಲ್ಕು" ಎಂದು ಗೋಡೆಯ ಲೆಕ್ಕ ಹೇಳಿದರೆ ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಸಾಮಾನ್ಯ ಸಿಮೆಂಟ್ 300 ಡಿಗ್ರಿ ದಾಟಿದ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ, 400–500ರ ನಡುವೆ ಅದರೊಳಗಿನ ಸುಣ್ಣದ ಅಂಶ ನೀರು ಬಿಟ್ಟು ಪುಡಿಯಾಗುತ್ತದೆ. ಪಿಜ್ಜಾ ಸುಡುವಾಗ ಗುಮ್ಮಟದ ಒಳಮೈ ಅಷ್ಟು ಕಾದೇ ಕಾಯುತ್ತದೆ.

"ಕಟ್ಟಿ ಎಷ್ಟು ದಿನಕ್ಕೆ ಬೆಂಕಿ ಹಾಕಬಹುದು?" "ನಾಳೆನೇ ಹಾಕ್ರಿ, ಏನಾಗಲ್ಲ" ಎಂದವರಿಗೆ ಕೆಲಸ ಕೊಡಬೇಡಿ.

ಐದಕ್ಕೆ ಐದೂ ಸರಿ ಹೇಳುವವರು ಅಪರೂಪ. ಮೂರು ಸರಿಯಾಗಿದ್ದು, ಉಳಿದೆರಡರ ಕಾರಣ ಹೇಳಿದಾಗ "ಹೌದಲ್ಲ, ಹಂಗೇ ಮಾಡೋಣ" ಎನ್ನುವವರಾದರೆ ಮುಂದುವರಿಯಿರಿ. ಕಾರಣ ಕೇಳಿಸಿಕೊಳ್ಳದೆ "ಮೂವತ್ತು ವರ್ಷದಿಂದ ಮಾಡ್ತಿದೀನಿ" ಎಂದು ಮಾತು ಮುಗಿಸುವವರ ಜೊತೆ ಗುಮ್ಮಟ ಕಟ್ಟಿಸುವುದು ಕಷ್ಟ. ಯಾಕೆಂದರೆ ಈ ಕೆಲಸದಲ್ಲಿ ಪ್ರತಿ ಸಾಲಿಗೂ ಮಾತಾಡಬೇಕಾಗುತ್ತದೆ.

4. ಅರ್ಧ ದಿನದ ಪರೀಕ್ಷೆ: ಒಂದು ಕಮಾನು ಕಟ್ಟಿಸಿ

ಈ ಹಂತ ಬಿಟ್ಟವರೇ ಆಮೇಲೆ ಪಶ್ಚಾತ್ತಾಪ ಪಡುವುದು. ಅರ್ಧ ದಿನದ ಕೂಲಿಯನ್ನು ಮೊದಲೇ ಒಪ್ಪಿಕೊಂಡು, ಪೂರ್ತಿ ಕೊಟ್ಟೇ ಮಾಡಿಸಿ. ಪುಕ್ಕಟೆ ಮಾಡಿಸಬೇಡಿ.

ಬೇಕಾದ್ದು ಇಷ್ಟು: ಹರಿಹರದ ಕಡೆಯ ಭಟ್ಟಿಗಳಿಂದ ಬರುವ ಸಾಮಾನ್ಯ ಕೆಂಪು ಇಟ್ಟಿಗೆ 30, ಒಂದು ಪುಟ್ಟಿ ಕೆಸರು ಮಣ್ಣು, ಪ್ಲೈವುಡ್ಡಿನಲ್ಲಿ ಕತ್ತರಿಸಿದ 25 ಅಂಗುಲ ಅಗಲದ ಅರ್ಧವೃತ್ತದ ಸೆಂಟ್ರಿಂಗ್ (ಕಮಾನು ಕಟ್ಟುವಾಗ ಕೆಳಗಿನಿಂದ ಹೊರುವ ತಾತ್ಕಾಲಿಕ ಅಚ್ಚು). ಇಟ್ಟಿಗೆ 3 ಅಂಗುಲ ದಪ್ಪವಿದ್ದರೆ ಆ ಅರ್ಧವೃತ್ತಕ್ಕೆ ಒಂದು ಸಾಲಿನಲ್ಲಿ 13 ಇಟ್ಟಿಗೆ ಬರುತ್ತವೆ. ಬೆಸ ಸಂಖ್ಯೆ ಬಂದರೆ ನೆತ್ತಿಯಲ್ಲಿ ಒಂದು ಇಟ್ಟಿಗೆ ಕೂತು ಎರಡೂ ಕಡೆಯನ್ನು ಒತ್ತಿ ಹಿಡಿಯುತ್ತದೆ.

ಬಾಯಲ್ಲಿ ಏನೂ ಹೇಳಬೇಡಿ, ಕೈ ನೋಡಿ. ಅನುಭವಿ ಮೇಸ್ತ್ರಿ ಮೊದಲು 13 ಇಟ್ಟಿಗೆಯನ್ನು ಗಾರೆಯಿಲ್ಲದೆ ಅಚ್ಚಿನ ಮೇಲೆ ಜೋಡಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಎರಡೂ ಬದಿಯಿಂದ ಸಮವಾಗಿ ಏರಿಸುತ್ತಾರೆ. ಒಂದೇ ಬದಿಯಿಂದ ಕಟ್ಟಿಕೊಂಡು ಹೋದರೆ ಅಚ್ಚು ವಾಲುತ್ತದೆ. ಒಳಗಿನ ಅಂಚಿನಲ್ಲಿ ಇಟ್ಟಿಗೆಗೆ ಇಟ್ಟಿಗೆ ಮುಟ್ಟುವ ಹಾಗೆ ಇಟ್ಟು, ಹೊರಗಿನ ಬಾಯಿಬಿಟ್ಟ ಸಂದಿಗೆ ಮಾತ್ರ ಮಣ್ಣು ತುಂಬಿ, ಇಟ್ಟಿಗೆ ಚೂರು ಬಡಿದು ಬಿಗಿ ಮಾಡುತ್ತಾರೆ. ಕರಣೆಯ ಹಿಡಿಯಿಂದ ಇಟ್ಟಿಗೆಯನ್ನು ಮೆಲ್ಲಗೆ ತಟ್ಟಿ, ಸದ್ದು ಬದಲಾದ ಮೇಲೆ ನಿಲ್ಲಿಸುತ್ತಾರೆ. ಆ ತಟ್ಟುವ ರೀತಿಯಲ್ಲೇ ಕೈಯ ಅಂದಾಜು ಸಿಕ್ಕಿಬಿಡುತ್ತದೆ.

ಮುಗಿದ ಕೂಡಲೇ ಅಚ್ಚನ್ನು ಜಾರಿಸಿ ತೆಗೆಯಲು ಹೇಳಿ. ಮಣ್ಣು ಇನ್ನೂ ಹಸಿ ಇರುತ್ತದೆ, ಆದರೂ ಕಮಾನು ನಿಲ್ಲಬೇಕು. ಎರಡೂ ಬುಡಕ್ಕೆ ಜರುಗದ ಹಾಗೆ ಒತ್ತು ಇದ್ದರೆ, ಗಾರೆಯ ಅಂಟಿಲ್ಲದೆ, ಇಟ್ಟಿಗೆಯ ಭಾರದಿಂದಲೇ ಕಮಾನು ನಿಲ್ಲುತ್ತದೆ. "ಸಿಮೆಂಟ್ ಇಲ್ದೆ ನಿಲ್ಲಲ್ಲ ಸಾರ್" ಎನ್ನುವವರಿಗೆ ಕಮಾನಿನ ಒಳಗುಟ್ಟು ಇನ್ನೂ ತಿಳಿದಿಲ್ಲ. ನಿಂತ ಕಮಾನಿನ ಮೇಲೆ ಆರೆಂಟು ಇಟ್ಟಿಗೆ ಒಂದೊಂದಾಗಿ ಹೇರಿ ನೋಡಿ. ಯಾರೂ ಅದರ ಕೆಳಗೆ ಕೈ, ಕಾಲು ಇಡದಿರಲಿ.

5. ಕೂಲಿ, ಗುತ್ತಿಗೆ, ಚೀಟಿ

ಕಟ್ಟೆ ಮತ್ತು ಸ್ಲ್ಯಾಬ್ ಕೆಲಸವನ್ನು ಗುತ್ತಿಗೆಗೆ ಕೊಡಬಹುದು. ಗುಮ್ಮಟವನ್ನು ಮಾತ್ರ ಗುತ್ತಿಗೆಗೆ ಕೊಡಬೇಡಿ, ದಿನಗೂಲಿಗೇ ಮಾಡಿಸಿ. ಗುತ್ತಿಗೆಯಾದರೆ ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಇಟ್ಟಿಗೆ ಕತ್ತರಿಸುವ ತೊಂದರೆ ತಪ್ಪಿಸಲು ಸಂದಿಗೆ ಗಾರೆ ಮೆತ್ತುವುದು ಆಗ ಶುರುವಾಗುತ್ತದೆ. 36 ಅಂಗುಲದ ಭಟ್ಟಿಗೆ ಒಬ್ಬ ಮೇಸ್ತ್ರಿ, ಒಬ್ಬ ಆಳು ಇದ್ದರೆ ಕಟ್ಟೆಗೆ 2 ದಿನ, ಸ್ಲ್ಯಾಬಿಗೆ 1, ನೆಲಕ್ಕೆ 1, ಬಾಯಿಯ ಕಮಾನು ಮತ್ತು ಗುಮ್ಮಟಕ್ಕೆ 4–5, ಹೊದಿಕೆ, ಹೊರ ಪ್ಲಾಸ್ಟರಿಗೆ 2 ದಿನ ಹಿಡಿಯುತ್ತದೆ. ನಡುವೆ ಸ್ಲ್ಯಾಬ್ ನೀರುಣ್ಣಲು ಕಡಿಮೆಯೆಂದರೂ 7 ದಿನ ಬಿಡಬೇಕು. ಎರಡೇ ದಿನದಲ್ಲಿ ಗುಮ್ಮಟ ಮುಗಿಸಿಕೊಡುತ್ತೇನೆ ಎಂಬ ಮಾತು ಕೇಳಿದರೆ ಹುಷಾರಾಗಿ.

ಚೀಟಿಯಲ್ಲಿ ಬರೆಯಬೇಕಾದ್ದು: ಮೇಲಿನ ಐದು ಅಳತೆ, ದಿನಗೂಲಿ ಎಷ್ಟು, ಆಳಿನ ಕೂಲಿ ಯಾರು ಕೊಡುವುದು, ಕಟಿಂಗ್ ಮಷಿನ್ ಮತ್ತು ಬ್ಲೇಡ್ ಯಾರದ್ದು, ಒಡೆದ ಇಟ್ಟಿಗೆಯ ಲೆಕ್ಕ ಯಾರ ಮೇಲೆ. ಅಡ್ವಾನ್ಸ್ ಎಂದು ದೊಡ್ಡ ಮೊತ್ತ ಕೊಡಬೇಡಿ. ವಾರದ ಬಟವಾಡೆ ತಪ್ಪಿಸಬೇಡಿ, ಆದರೆ ಒಟ್ಟು ಕೂಲಿಯ ಐದನೇ ಒಂದು ಭಾಗವನ್ನು ಮೊದಲ ಬೆಂಕಿ ಸರಿಯಾಗಿ ಉರಿದ ಮೇಲೆ ಕೊಡುವುದೆಂದು ಮೊದಲ ದಿನವೇ ಇಬ್ಬರೂ ಒಪ್ಪಿಕೊಳ್ಳಿ. ಕೊನೆಯಲ್ಲಿ ಹೇಳಿದರೆ ಅದು ಜಗಳ, ಮೊದಲೇ ಹೇಳಿದರೆ ಕರಾರು.

6. ಸಾಮಾನು ನೀವೇ ತನ್ನಿ

ಬೆಂಕಿ ಇಟ್ಟಿಗೆ (ಹೆಚ್ಚು ಕಾವು ತಡೆಯುವ ವಿಶೇಷ ಜೇಡಿಯಿಂದ ಸುಟ್ಟದ್ದು, ಅಂಗಡಿಯಲ್ಲಿ ಫೈರ್ ಬ್ರಿಕ್ ಎನ್ನುತ್ತಾರೆ) 9 × 4.5 × 3 ಅಂಗುಲದ್ದು ಸುಮಾರು 180 ಬೇಕು. ನೆಲಕ್ಕೆ 40–45, ಗುಮ್ಮಟ, ಬಾಯಿಯ ಕಮಾನು ಮತ್ತು ಮುಂಭಾಗಕ್ಕೆ 110–120, ಉಳಿದದ್ದು ಒಡೆಯುವುದಕ್ಕೆ. "ಐಎಸ್ 6" ದರ್ಜೆ ಸಾಕು. "ಐಎಸ್ 8" ಇನ್ನೂ ಹೆಚ್ಚು ಕಾವಿನ ಕುಲುಮೆಗೆ, ಮನೆಯ ಭಟ್ಟಿಗೆ ದುಂದು. ಬಾಯ್ಲರ್ ಸಾಮಾನು ಮಾರುವವರಲ್ಲಿ ವಿಚಾರಿಸಿ, ಇಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತರಿಸಿ.

ಅಸಲಿ ಬೆಂಕಿ ಇಟ್ಟಿಗೆ ಕೆನೆ ಇಲ್ಲವೇ ತಿಳಿ ಹಳದಿ ಬಣ್ಣದ್ದು, ಒಂದರ ತೂಕ 4 ಕಿಲೋ ಹತ್ತಿರ, ಎರಡನ್ನು ತಟ್ಟಿದರೆ ಟಣ್ ಎನ್ನಬೇಕು. ಅಂದವಾಗಿ ಕಾಣುವ ಕೆಂಪು ವೈರ್‌ಕಟ್ ಇಟ್ಟಿಗೆ ಇದಲ್ಲ. ಒಂದೂವರೆ ಕಿಲೋಕ್ಕಿಂತ ಹಗುರವಾಗಿ, ಮೈತುಂಬ ಸಣ್ಣ ರಂಧ್ರಗಳಿದ್ದರೆ ಅದು ಕಾವು ಆಚೆ ಹೋಗದಂತೆ ತಡೆಯುವ ಇನ್ಸುಲೇಶನ್ ಇಟ್ಟಿಗೆ. ಅದು ನೆಲದ ಕೆಳಗೆ ಬೇಕು, ಬೆಂಕಿಯ ಮುಂದೆ ಅಲ್ಲ. ಗುಜರಿಯಲ್ಲಿ ಸಿಗುವ ಹಳೆಯ ಕುಲುಮೆ ಇಟ್ಟಿಗೆ ಬೇಡವೇ ಬೇಡ. ಅದರ ಒಂದು ಬದಿಗೆ ಗಾಜಿನಂತೆ ಹೊಳೆಯುವ ಕಿಟ್ಟ ಅಂಟಿರುತ್ತದೆ, ಒಳಗೆ ಯಾವ ಲೋಹ ಕರಗಿತ್ತೋ ತಿಳಿಯದು, ಅದರ ಮೇಲೆ ರೊಟ್ಟಿ ಸುಡಬಾರದು.

ಹಣ ಸಾಲದಿದ್ದರೆ ನೆಲಕ್ಕೆ ಮಾತ್ರ ಬೆಂಕಿ ಇಟ್ಟಿಗೆ ತಂದು, ಗುಮ್ಮಟಕ್ಕೆ ಚೆನ್ನಾಗಿ ಸುಟ್ಟ ಕೆಂಪು ಇಟ್ಟಿಗೆ ಹಾಕಿ. ವಾರಕ್ಕೊಮ್ಮೆ ಉರಿಸುವ ಮನೆಯ ಭಟ್ಟಿಗೆ ಅದು ಸಾಕು. ದಿನವೂ ಉರಿಯುವ ಬೇಕರಿಗೆ ಸಾಲದು.

ಗಾರೆ: ಜರಡಿ ಹಿಡಿದ ನಯ ಮರಳು 3 ಪಾಲು, ಸಿಮೆಂಟ್ 1, ಅರಳಿದ ಸುಣ್ಣದ ಪುಡಿ 1, ಬೆಂಕಿ ಮಣ್ಣು 1. ಅಳೆಯುವುದು ತೂಕದಲ್ಲಲ್ಲ, ಒಂದೇ ಡಬ್ಬಿಯಲ್ಲಿ. ಇದರಲ್ಲಿ ಸಿಮೆಂಟ್ ಮೊದಲ ಕೆಲವು ದಿನ ಹಿಡಿದು ನಿಲ್ಲಿಸಲು ಮಾತ್ರ. ಕಾವಿಗೆ ಅದು ಸತ್ತ ಮೇಲೆ ಸುಣ್ಣವೂ ಮಣ್ಣೂ ಸಂದನ್ನು ತುಂಬಿಕೊಂಡಿರುತ್ತವೆ. ಬೆಂಕಿ ಮಣ್ಣು (ಫೈರ್ ಕ್ಲೇ) 50 ಕಿಲೋ ಚೀಲ ಎರಡು ತನ್ನಿ. ಎರೆಮಣ್ಣನ್ನು ಇದರ ಬದಲಿಗೆ ಹಾಕಲು ಬಿಡಬೇಡಿ, ಒಣಗುವಾಗ ಅದು ಕುಗ್ಗಿ ಸಂದು ಬಾಯಿಬಿಡುತ್ತದೆ. ಹುತ್ತದ ಮಣ್ಣು ಒಲೆಗೆ ಒಳ್ಳೆಯದು, ಗುಮ್ಮಟದ ಹೊರ ಮೆತ್ತಿಗೆಗೂ ಆದೀತು.

ಸ್ಲ್ಯಾಬ್: 5 × 5 ಅಡಿ, 4 ಅಂಗುಲ ದಪ್ಪಕ್ಕೆ 2 ಚೀಲ ಸಿಮೆಂಟ್, 10 ಎಂಎಂ ಕಬ್ಬಿಣ 6 ಅಂಗುಲಕ್ಕೊಂದರಂತೆ ಎರಡೂ ದಿಕ್ಕಿಗೆ, ಒಟ್ಟು 20 ಕಿಲೋ. ಸ್ಲ್ಯಾಬಿನ ಮೇಲೆ, ನೆಲದ ಕೆಳಗೆ, ಇನ್ಸುಲೇಶನ್ ಇಟ್ಟಿಗೆ ಒಂದು ಸಾಲು, 60. ಗುಮ್ಮಟದ ಮೇಲೆ ಹೊದಿಸಲು ಸೆರಾಮಿಕ್ ಕಂಬಳಿ (ಕಾವು ತಡೆಯುವ ಬಿಳಿ ಹತ್ತಿಯಂಥ ಹಾಸು) 25 ಎಂಎಂ ದಪ್ಪದ್ದು ಒಂದು ರೋಲ್, ಎರಡು ಪದರಕ್ಕೆ ಸಾಕು. ಅದರ ನೂಲು ಉಸಿರಿಗೆ, ಚರ್ಮಕ್ಕೆ ಕೆಟ್ಟದ್ದು. ಅದನ್ನು ಮುಟ್ಟುವಾಗ ಎನ್-95 ಮಾಸ್ಕ್, ಕೈಗವಸು, ತುಂಬುತೋಳು ಕಡ್ಡಾಯ. ಇಟ್ಟಿಗೆ ಕತ್ತರಿಸುವಾಗಲೂ ನೀರು ಹಾಕಿಯೇ ಕತ್ತರಿಸಬೇಕು. ಒಣ ದೂಳು ಶ್ವಾಸಕೋಶ ಹಾಳು ಮಾಡುತ್ತದೆ. ಮೇಸ್ತ್ರಿ "ನಮಗೆ ರೂಢಿ ಐತ್ರಿ" ಎಂದರೂ ಮಾಸ್ಕ್ ತಂದುಕೊಟ್ಟು ಹಾಕಿಸಿ, ಆಳಿಗೂ.

7. ನೀವು ಪಕ್ಕದಲ್ಲೇ ನಿಲ್ಲಬೇಕಾದ ನಾಲ್ಕು ಗಳಿಗೆ

ಪಾಯ. ಎಲ್ಲ ಸೇರಿ ಭಟ್ಟಿಯ ಭಾರ ಟನ್‌ಗಟ್ಟಲೆ. ದಾವಣಗೆರೆ ಸುತ್ತಿನ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಂಥ ಜಾಗದಲ್ಲಿ 3 ಅಡಿಯಾದರೂ ತೋಡಿ, ಎರೆಮಣ್ಣು ಹೊರಹಾಕಿ, ಗರಸು ತುಂಬಿ ನೀರು ಬಿಟ್ಟು ದಮ್ಮಸು ಮಾಡಿಸಿ. ಚಿತ್ರದುರ್ಗದ ಕಡೆಯ ಗಟ್ಟಿ ಕೆಂಪು ನೆಲಕ್ಕೆ ಒಂದೂವರೆ ಅಡಿ ಸಾಕಾಗಬಹುದು. ಹುಲ್ಲಿನ ಬಣವೆ, ಸೋಗೆ ಚಪ್ಪರ ಹತ್ತಿರವಿದ್ದರೆ ಜಾಗವನ್ನೇ ಬದಲಿಸಿ. ವ್ಯಾಪಾರಕ್ಕಾದರೆ ಹೊಗೆ, ಪರವಾನಗಿಯ ವಿಷಯವನ್ನು ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಪಾಯ ತೋಡುವ ಮೊದಲೇ ಕೇಳಿಕೊಳ್ಳಿ.

ನೆಲ. ರಸಮಟ್ಟ ಇಟ್ಟು ನೋಡುವುದರ ಜೊತೆಗೆ ಅಂಗೈ ಸವರಿ ನೋಡಿ. ಒಂದು ಅಂಚು ಎದ್ದಿದ್ದರೂ ಬ್ರೆಡ್ಡು ಒಳಗಿಟ್ಟು ತೆಗೆಯುವ ಉದ್ದ ಹಿಡಿಯ ಹಲಗೆ ಪ್ರತಿ ಸಲ ಅಲ್ಲಿಗೇ ತಗುಲುತ್ತದೆ. ಇಟ್ಟಿಗೆ ಸಾಲುಗಳನ್ನು ಬಾಯಿಗೆ ಓರೆಯಾಗಿ, 45 ಡಿಗ್ರಿಗೆ ಜೋಡಿಸಿದರೆ ಈ ತೊಂದರೆ ಕಡಿಮೆ.

ಮೊದಲ ಸಾಲು ಮತ್ತು ಅಳತೆ ಕೋಲು. ಗುಮ್ಮಟದ ಪ್ರತಿ ಇಟ್ಟಿಗೆಯೂ ನೆಲದ ನಡುಬಿಂದುವಿನಿಂದ 18 ಅಂಗುಲ ದೂರದಲ್ಲೇ ಇರಬೇಕು. ಹಿರಿಯ ಮೇಸ್ತ್ರಿಗಳು ನಡುವೆ ಗೂಟ ಹೊಡೆದು ದಾರ ಹಿಡಿಯುತ್ತಾರೆ. ದಾರ ಜಗ್ಗುತ್ತದೆ. ಅದಕ್ಕಿಂತ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕೋಲು ಮಾಡಿಸಿ: ಬುಡದಲ್ಲಿ ಎಲ್ಲ ಕಡೆ ತಿರುಗುವ ಕೀಲು, ತುದಿಯಲ್ಲಿ ಇಟ್ಟಿಗೆ ಕೂರುವಷ್ಟು ಅಗಲದ ಎಲ್ ಆಕಾರದ ಪಟ್ಟಿ. ಇಟ್ಟಿಗೆಯನ್ನು ಆ ಪಟ್ಟಿಯಲ್ಲಿಟ್ಟು ಕೋಲು ತಿರುಗಿಸಿದರೆ ದೂರವೂ ಓರೆಯೂ ತಾನಾಗಿ ಸರಿಹೋಗುತ್ತವೆ. ಅಳೆಯುವಾಗ ಕೀಲಿನ ತಿರುಗುವ ಬಿಂದುವಿನಿಂದ ಅಳೆಯಿರಿ, ಕೋಲಿನ ಬುಡದಿಂದಲ್ಲ. ಇಲ್ಲಿ ಒಂದು ಅಂಗುಲ ತಪ್ಪಿದರೆ ಗುಮ್ಮಟದ ನೆತ್ತಿ ಬಾಯಿಯ ಕಮಾನಿಗೆ ಸೇರುವ ಜಾಗದಲ್ಲಿ ಮೆಟ್ಟಿಲು ಬೀಳುತ್ತದೆ. ಇಟ್ಟಿಗೆಯನ್ನು ಅರ್ಧ ಮಾಡಿ 4.5 ಅಂಗುಲದ ಮುಖ ಒಳಗೆ ಬರುವಂತಿಟ್ಟರೆ ಸುತ್ತಳತೆ 113 ಅಂಗುಲದಲ್ಲಿ ಬಾಯಿ ಕಳೆದು ಮೊದಲ ಸಾಲಿಗೆ 21 ತುಂಡು ಕೂರುತ್ತವೆ. ಮೊದಲು ಒಣದಾಗಿ ಜೋಡಿಸಿ ಎಣಿಸಿ, ಆಮೇಲೆ ಗಾರೆ. ಬೆಂಕಿ ಇಟ್ಟಿಗೆಯನ್ನು ಕೆಂಪು ಇಟ್ಟಿಗೆಯ ಹಾಗೆ ಗಂಟೆಗಟ್ಟಲೆ ನೆನೆಹಾಕಬಾರದು, ನೀರಿಗೆ ಅದ್ದಿ ತೆಗೆದರೆ ಸಾಕು. ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ನೇರಕ್ಕೆ ಬರಬಾರದು. ಹಾಗೆ ಬಂದರೆ ಆ ಗೆರೆಯಲ್ಲೇ ಗುಮ್ಮಟ ಸೀಳುತ್ತದೆ.

ಕೊನೆಯ ಮೂರು ಸಾಲು. ನೆತ್ತಿಯ ಹತ್ತಿರ ಇಟ್ಟಿಗೆ ಒಳಕ್ಕೆ ಜಾರಲು ನೋಡುತ್ತದೆ. ಇಲ್ಲಿ ಮೇಸ್ತ್ರಿಗೆ ಅವಸರ ಬರುತ್ತದೆ, ಗಾರೆ ಹೆಚ್ಚುತ್ತದೆ. ಒಳಗೆ ಹಲಗೆ ಆಸರೆ ಕೊಟ್ಟು ಅದರ ಮೇಲೆ ಒದ್ದೆ ಮರಳಿನ ದಿಬ್ಬ ಮಾಡಿ, ಅದರ ಮೇಲೆ ಕಟ್ಟಿದರೆ ನೆಮ್ಮದಿ. ತುಂಡುಗಳನ್ನು ಎರಡೂ ಬದಿಗೆ ಓರೆಯಾಗಿ ಕತ್ತರಿಸಲೇಬೇಕು. ಗುಮ್ಮಟ ಮುಚ್ಚುವ ದಿನ ಬೆಳಿಗ್ಗೆಯೇ ಶುರು ಮಾಡಿಸಿ, ಸಂಜೆ ಐದರ ನಂತರ ನೆತ್ತಿಗೆ ಕೈ ಹಾಕಿಸಬೇಡಿ. ಮುಚ್ಚಿದ ಮೇಲೆ ಮೊಬೈಲ್ ಬೆಳಕು ಹಿಡಿದು ಒಳಗೆ ನೋಡಿ. ಒಳಗಿನ ಸಂದು 3 ಎಂಎಂಗಿಂತ ದಪ್ಪ ಕಂಡರೆ, ಉದುರುವ ಗಾರೆ ಅಲ್ಲಿಂದಲೇ ನಿಮ್ಮ ಬ್ರೆಡ್ಡಿನ ಮೇಲೆ ಬೀಳುವುದು.

ಚಿಮಣಿ 6 ಅಂಗುಲ ಅಡ್ಡಗಲ, 3 ಅಡಿಗಿಂತ ಎತ್ತರ. ಮೇಲೆ ತಗಡಿನ ಸೂರಿದ್ದರೆ ಸೂರಿನಿಂದ ಇನ್ನೂ 2–3 ಅಡಿ ಮೇಲಕ್ಕೆ ಹೋಗಲಿ.

8. ಒಣಗಿಸುವುದು, ಮೊದಲ ಬೆಂಕಿ, ಕೊನೆಯ ಕಂತು

ಗುಮ್ಮಟ ಮುಗಿದ ಮೇಲೆ ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿಡಿ. ಇನ್ನೊಂದು ವಾರ ನೆರಳಲ್ಲಿ ಹಾಗೇ ಒಣಗಲಿ. ಕಂಬಳಿ ಹೊದಿಸುವುದು, ಹೊರ ಪ್ಲಾಸ್ಟರ್ ಮಾಡುವುದು ಸಣ್ಣ ಬೆಂಕಿಗಳೆಲ್ಲ ಮುಗಿದ ಮೇಲೆ. ಮೊದಲೇ ಮುಚ್ಚಿದರೆ ಒಳಗಿನ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಆ ಒತ್ತಡಕ್ಕೆ ಇಟ್ಟಿಗೆ ಸೀಳುತ್ತದೆ, ಚಕ್ಕೆ ಹಾರುತ್ತದೆ.

ಬೆಂಕಿಯ ಕ್ರಮ: ಮೊದಲ ಎರಡು ದಿನ ಚಿಕ್ಕ ಚಕ್ಕೆಗಳ ಬೆಂಕಿ, ಒಳಮೈ 100 ಡಿಗ್ರಿ ದಾಟದಂತೆ, ದಿನಕ್ಕೆ 5–6 ತಾಸು. ಆಮೇಲೆ ದಿನಕ್ಕೆ 50 ಡಿಗ್ರಿಯಂತೆ ಏರಿಸುತ್ತಾ 300 ಮುಟ್ಟಿಸಿ. ಕಾವು ಅಳೆಯುವ ಗನ್ ಥರ್ಮಾಮೀಟರ್ ಒಂದನ್ನು ಕೊಳ್ಳಿ, ಅಂದಾಜಿಗೆ ಬಿಡಬೇಡಿ. ಗುಮ್ಮಟದ ಹೊರಮೈ ಬೆವರಿದಂತೆ ಒದ್ದೆಯಾದರೆ ಅಂದು ಏರಿಸಬೇಡಿ, ಅದೇ ಮಟ್ಟದಲ್ಲಿ ಇನ್ನೊಂದು ದಿನ ಉರಿಸಿ. ಕಟ್ಟಿಗೆ ಪೂರ್ತಿ ಒಣಗಿದ್ದಿರಲಿ. ಜಾಲಿ, ಹುಣಸೆ ಚೆನ್ನಾಗಿ ಉರಿಯುತ್ತವೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು ಹಾಕಬೇಡಿ, ಅದರ ವಿಷ ಅನ್ನಕ್ಕೆ ಸೇರುತ್ತದೆ.

ಎಂಟನೆಯ ದಿನದ ಹೊತ್ತಿಗೆ ಪೂರ್ತಿ ಬೆಂಕಿ ಹಾಕಬಹುದು. ಮೊದಲು ಮಸಿ ಹಿಡಿದು ಕಪ್ಪಾಗುವ ಗುಮ್ಮಟದ ಒಳಮೈ, ಕಾವು ಸಾಕಷ್ಟು ಏರಿದ ಮೇಲೆ ನೆತ್ತಿಯಿಂದ ಶುರುವಾಗಿ ಮತ್ತೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆ ದಿನ ಮೇಸ್ತ್ರಿಯನ್ನು ಕರೆಸಿ, ಇಬ್ಬರೂ ಸೇರಿ ನೋಡಿ. ಹೊಗೆ ಚಿಮಣಿಯಿಂದಲೇ ಹೋಗುತ್ತಿದೆಯಾ, ಇಲ್ಲ ಮುಖಕ್ಕೆ ಬರುತ್ತಿದೆಯಾ? ಬಿರುಕು ಎಲ್ಲೆಲ್ಲಿ ಬಿದ್ದಿದೆ? ಕೂದಲೆಳೆಯಷ್ಟು ಬಿರುಕು ಎಲ್ಲ ಭಟ್ಟಿಗೂ ಬರುತ್ತದೆ, ತಣಿದಾಗ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಮೇಸ್ತ್ರಿಯನ್ನು ದೂರಬೇಡಿ. ಒಂದು ರೂಪಾಯಿ ನಾಣ್ಯ ಅಡ್ಡಲಾಗಿ ತೂರುವಷ್ಟು ಬಿರುಕು ಬಿದ್ದಿದ್ದರೆ, ಅಥವಾ ಬಾಯಿಯ ಕಮಾನಿನ ಇಟ್ಟಿಗೆ ಕೆಳಗೆ ಜಾರಿದ್ದರೆ, ತಣಿದ ಮೇಲೆ ಅವರೇ ಕಿತ್ತು ಸರಿಮಾಡಿಕೊಡಬೇಕು. ಸರಿಯಾಗಿದ್ದರೆ ಅವತ್ತೇ ಕಂಬಳಿ, ಪ್ಲಾಸ್ಟರಿನ ದಿನ ಗೊತ್ತು ಮಾಡಿ, ಉಳಿದ ಕಂತನ್ನು ಅವರ ಕೈಗಿಟ್ಟು, ಭಟ್ಟಿಯಿಂದ ತೆಗೆದ ಮೊದಲ ಬ್ರೆಡ್ಡನ್ನೂ ಕೊಟ್ಟು ಕಳಿಸಿ. ಅಳತೆ ಕೋಲನ್ನು ಎಸೆಯದೆ ಅಟ್ಟದ ಮೇಲಿಡಿ. ಮುಂದೆ ಇಟ್ಟಿಗೆ ಬದಲಿಸುವಾಗ ಅದೇ ಕೋಲು ಬೇಕಾಗುತ್ತದೆ.